ಮನೆ ಮುಂದೆ 20 ಅಡಿ ಇಂಗುಬಾವಿ: ಒಂದು ಮಳೆಗಾಲ ಕಳೆದ ಮೇಲೆ ಬರೆದ ರಿವ್ಯೂ

ಐದಕ್ಕೆ ನಾಲ್ಕು ಸ್ಟಾರ್. ಒಂದು ಯಾಕೆ ಕಮ್ಮಿ ಅಂತ ಆಮೇಲೆ ಹೇಳುತ್ತೇನೆ. ಆ ತಪ್ಪಿನಲ್ಲಿ ಬಾವಿ ತೋಡಿದವರದ್ದು ಅರ್ಧ, ನನ್ನದು ಅರ್ಧ. ಇಂಗುಬಾವಿ ಅಂದರೆ ತಾರಸಿಯ ಮಳೆನೀರನ್ನು ನೆಲದೊಳಗೆ ಇಂಗಿಸುವ ಬಾವಿ.

ಮೊದಲು ಜಾಗ ಹೇಗಿದೆ ಅಂತ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ರಿವ್ಯೂ ಅರ್ಥವಾಗುವುದಿಲ್ಲ. ಬೆಂಗಳೂರು, 30-40 ಸೈಟು, ಬಡಾವಣೆಯ ತಗ್ಗಿನ ತುದಿ. ಮನೆ ಕಟ್ಟಿದಾಗ ರಸ್ತೆಯಿಂದ ಎರಡು ಮೆಟ್ಟಿಲು ಹತ್ತಿ ಗೇಟಿನೊಳಗೆ ಬರುತ್ತಿದ್ದೆವು. ಡಾಂಬರಿನ ಮೇಲೆ ಡಾಂಬರು ಹಾಕಿ ಹಾಕಿ ಈಗ ಒಂದು ಮೆಟ್ಟಿಲು ಇಳಿದು ಬರುತ್ತೇವೆ. ಮಳೆ ಜೋರಾದರೆ ಏನಾಗುತ್ತದೆ ಅಂತ ಬೇರೆ ಹೇಳಬೇಕಾ? 2022ರ ಸೆಪ್ಟೆಂಬರಿನಲ್ಲಿ ಸರ್ಜಾಪುರ ರಸ್ತೆ, ಬೆಳ್ಳಂದೂರು, ಔಟರ್ ರಿಂಗ್ ರೋಡ್ ಎಲ್ಲ ಮುಳುಗಿ ಟಿವಿಯವರು ಟ್ರ್ಯಾಕ್ಟರಿನಲ್ಲಿ ಆಫೀಸಿಗೆ ಹೋಗುವ ಟೆಕ್ಕಿಗಳನ್ನು ತೋರಿಸಿದರಲ್ಲ, ಆಗ ನಮ್ಮ ಬೀದಿ ಕಡೆ ಯಾರೂ ಕ್ಯಾಮೆರಾ ತರಲಿಲ್ಲ. ಆದರೆ ನೆಲದಡಿಯ ನೀರಿನ ಸಂಪಿನೊಳಗೆ ಚರಂಡಿ ನೀರು ನುಗ್ಗಿ ಎರಡು ಸಲ ತೊಳೆಸಿದೆವು.

ಬಾವಿ ತೋಡಿಸಲೇಬೇಕು ಅನಿಸಿದ್ದು 2024ರಲ್ಲಿ. ಮಾರ್ಚಿನಲ್ಲಿ ನೀರಿಲ್ಲ. ಬೋರ್‌ವೆಲ್ ಗಾಳಿ ಬಿಡುತ್ತಿತ್ತು. ಟ್ಯಾಂಕರಿನವನಿಗೆ ಫೋನ್ ಮಾಡಿ ಸಾರ್ ಸಾರ್ ಅಂತ ಬೇಡಿಕೊಂಡಿದ್ದು ನೆನಪಿದೆ. ಏಪ್ರಿಲ್ ಇಡೀ ಮಳೆ ಇಲ್ಲ. ಜೂನ್ 2ರಂದು ಒಂದೇ ದಿನ 111 ಮಿ.ಮೀ. ಸುರಿಯಿತು. ಜೂನ್ ತಿಂಗಳ ಲೆಕ್ಕದಲ್ಲಿ ಬೆಂಗಳೂರು ಒಂದು ದಿನಕ್ಕೆ ಇಷ್ಟು ಮಳೆ ಕಂಡೇ ಇರಲಿಲ್ಲ, ಹಿಂದಿನ ದಾಖಲೆ 1891ರದ್ದು! ನೀರಿಲ್ಲ ಅಂತ ಟ್ಯಾಂಕರಿಗೆ ದುಡ್ಡು ಸುರಿದ ಅದೇ ಮನೆಯಲ್ಲಿ ಮೂರೇ ತಿಂಗಳಿಗೆ ಬಕೆಟ್ ಹಿಡಿದು ನೀರು ಹೊರಗೆ ಚೆಲ್ಲುತ್ತಿದ್ದೆವು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಜಾಸ್ತಿ ತೇವ ಹಿಡಿದಿಟ್ಟುಕೊಳ್ಳುತ್ತದಂತೆ. ಹಿಡಿದಿದ್ದನ್ನು ಒಮ್ಮೆಲೇ ಬಿಡುತ್ತದೆ ಅಂತ ನಮ್ಮ ಅಂಗಳ ನೋಡಿದವರಿಗೆ ವಿಜ್ಞಾನಿ ಬಂದು ಹೇಳಬೇಕಾಗಿಲ್ಲ.

ಒಂದು ದಿನ ಕೂತು ಲೆಕ್ಕ ಹಾಕಿದೆ. ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್. ನಮ್ಮ ತಾರಸಿ ಹತ್ತಿರ ಹತ್ತಿರ 100 ಚದರ ಮೀಟರ್. ಸಂಜೆ ಒಂದು 50 ಮಿ.ಮೀ. ಮಳೆ ಹೊಡೆದರೆ 5,000 ಲೀಟರ್. ಅದು ಎರಡು ಪೈಪಿನಲ್ಲಿ ಇಳಿದು ನೇರ ರಸ್ತೆಗೆ ಹೋಗುತ್ತದೆ. ನಮ್ಮ ಬೀದಿಯಲ್ಲಿ 40 ಮನೆ. ಎರಡು ಲಕ್ಷ ಲೀಟರ್! ಆರು ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 33 ಟ್ಯಾಂಕರ್ ನೀರನ್ನು ನಾವೇ ಅರ್ಧ ಗಂಟೆ ಒಂದು ಗಂಟೆಯೊಳಗೆ ಎರಡಡಿ ಅಗಲದ ಚರಂಡಿಗೆ ತಳ್ಳಿ, ಆಮೇಲೆ ಕಾರ್ಪೊರೇಟರ್‌ನಿಂದ ಹಿಡಿದು ಮುಖ್ಯಮಂತ್ರಿವರೆಗೆ ಎಲ್ಲರನ್ನೂ ಬೈಯುತ್ತೇವೆ. ಬೈಯಬೇಕು, ಬೇಡ ಅನ್ನುತ್ತಿಲ್ಲ. ಮಳೆನೀರು ಹರಿಯುವ ರಾಜಕಾಲುವೆ ಒತ್ತುವರಿ ಮಾಡಿದ್ದು ನಾನಲ್ಲ. ಆದರೆ ತಗ್ಗಿನ ಮನೆಯವನಾಗಿ ನನಗೆ ಬರುವ ನೀರಿನಲ್ಲಿ ನನ್ನದೂ ಒಂದು ಪಾಲಿದೆ ಅಂತ ಗೊತ್ತಾಗಿದ್ದು ಅವತ್ತೇ.

ಈಗ ಸರ್ವಿಸ್ ವಿಷಯ. ಇಲ್ಲಿ ನನಗೆ ಎರಡು ಅನುಭವ.

ಮೊದಲನೆಯವನು ಮಳೆನೀರು ಕೊಯ್ಲು ಮಾಡಿಕೊಡುವ ಕಾಂಟ್ರಾಕ್ಟರ್. ಹೆಸರು ಬರೆಯುವುದಿಲ್ಲ, ಕೇಳಬೇಡಿ. ದೊಡ್ಡ ಮನೆಗಳಿಗೂ ಹೊಸದಾಗಿ ಕಟ್ಟುವ ಮನೆಗಳಿಗೂ ಮಳೆನೀರು ಕೊಯ್ಲು ಕಡ್ಡಾಯ ಅಂತ 2009ರಲ್ಲೇ ಜಲಮಂಡಳಿ ಕಾಯಿದೆಗೆ ತಿದ್ದುಪಡಿ ಆಗಿದೆ, ಮಾಡದಿದ್ದರೆ ನೀರಿನ ಬಿಲ್ಲಿನ ಮೇಲೆ ದಂಡ. ಈ ದಂಡ ತಪ್ಪಿಸಿಕೊಳ್ಳುವವರನ್ನೇ ನಂಬಿಕೊಂಡು ಒಂದು ದಂಧೆ ನಡೆಯುತ್ತಿದೆ. ಇವನು ಬಂದ, ಕಾಂಪೌಂಡ್ ಮೂಲೆಯಲ್ಲಿ ಮೂರಡಿ ಗುಂಡಿ ತೋಡಿದ, ಜಲ್ಲಿ ತುಂಬಿದ, ಮೇಲೆ ಮರಳು ಹರಡಿದ, ನೀಲಿ ಡ್ರಮ್ ಪಕ್ಕದಲ್ಲಿ ನಿಲ್ಲಿಸಿ ಫೋಟೋ ತೆಗೆದ. ಒಂದೇ ಮಧ್ಯಾಹ್ನದಲ್ಲಿ ಕೆಲಸ ಮುಗೀತು. 18 ಸಾವಿರ. ಮೊದಲ ಮಳೆಗೆ ಗುಂಡಿ ತುಂಬಿದ್ದು ಹತ್ತು ನಿಮಿಷದಲ್ಲಿ. ಮೂರಡಿಯಲ್ಲಿ ಏನಿತ್ತು ಅಂದುಕೊಂಡಿರಿ? ಹಳೇ ಇಟ್ಟಿಗೆ ಚೂರು, ಸಿಮೆಂಟ್ ಚೀಲ, ಬಡಾವಣೆ ಮಾಡುವಾಗ ತಂದು ಸುರಿದ ಕಟ್ಟಡದ ಕಸ. ಅದರ ಕೆಳಗೆ ಜೇಡಿ. ಜೇಡಿ ನೀರು ಕುಡಿಯುತ್ತಾ? ಫೋನ್ ಮಾಡಿದರೆ 'ಸಾರ್, ಸರ್ಟಿಫಿಕೇಟಿಗೆ ಇಷ್ಟು ಸಾಕು' ಅಂದ. ನನಗೆ ಬೇಕಿದ್ದಿದ್ದು ಸರ್ಟಿಫಿಕೇಟ್ ಅಲ್ಲಪ್ಪ.

ಸಿಟ್ಟಿನಲ್ಲಿ ಒಂದು ಶನಿವಾರ ಜಯನಗರ 5ನೇ ಬ್ಲಾಕಿಗೆ ಹೋದೆ. ಅಲ್ಲಿ ಜಲಮಂಡಳಿಯವರು ವಿಶ್ವೇಶ್ವರಯ್ಯನವರ ಹೆಸರಲ್ಲಿ ಮಾಡಿರುವ ಮಳೆನೀರು ಕೊಯ್ಲು ಪಾರ್ಕ್ ಇದೆ. ಬೇರೆ ಬೇರೆ ಮಾದರಿಗಳನ್ನು ಕಣ್ಣಾರೆ ನೋಡಬಹುದು. ದುಡ್ಡು ಕೊಡುವ ಮೊದಲೇ ಹೋಗಬೇಕಿತ್ತು, ನೀವು ಆ ತಪ್ಪು ಮಾಡಬೇಡಿ. ಇದೇ ಊರಿನಲ್ಲಿ ಎ.ಆರ್. ಶಿವಕುಮಾರ್ ಅನ್ನುವ ವಿಜ್ಞಾನಿ 1995ರಿಂದ ಕಾವೇರಿ ಕನೆಕ್ಷನ್ನೇ ಇಲ್ಲದೆ ಮಳೆನೀರಿನಲ್ಲಿ ಸಂಸಾರ ನಡೆಸಿದ್ದಾರೆ ಅಂತ ಎಷ್ಟೋ ಸಲ ಪೇಪರಿನಲ್ಲಿ ಓದಿದ್ದೆ. ಓದಿ 'ಪರವಾಗಿಲ್ವೇ' ಅಂದು ಪುಟ ಮಗುಚಿದ್ದೆ ಅಷ್ಟೆ.

ಎರಡನೆಯವರು ಬಾವಿ ತೋಡುವವರು. ಸರ್ಜಾಪುರ ಕಡೆಯ ಭೋವಿ ಜನ, ಮಣ್ಣು ವಡ್ಡರು ಅಂತಲೂ ಹೇಳುತ್ತಾರೆ. ಕೊಳವೆ ಬಾವಿ ಬಂದ ಮೇಲೆ ಇವರ ಕಸುಬು ಹೆಚ್ಚುಕಡಿಮೆ ಮುಳುಗಿಯೇ ಹೋಗಿತ್ತು. ಬಯೋಮ್ ಸಂಸ್ಥೆಯವರು ಬೆಂಗಳೂರಿಗೆ ಹತ್ತು ಲಕ್ಷ ಬಾವಿ ಅಂತ ಶುರು ಮಾಡಿದ ಮೇಲೆ ಮತ್ತೆ ಕೆಲಸ ಸಿಗುತ್ತಿದೆ. ಕಬ್ಬನ್ ಪಾರ್ಕಿನಲ್ಲೂ ಇಂಗುಬಾವಿಗಳಿವೆ, ವಾಕಿಂಗ್ ಹೋಗುವವರು ಬೇಕಾದರೆ ನೋಡಿ.

ನಾಲ್ಕು ಜನ ಬಂದರು. ಹಿರಿಯರೊಬ್ಬರು ಬಂದವರೇ ಗುದ್ದಲಿ ಮುಟ್ಟಲಿಲ್ಲ. ಮೊದಲು ಕೇಳಿದ್ದು, 'ಟಾಯ್ಲೆಟ್ ಪೈಪ್ ಯಾವ ಕಡೆ ಹೋಗಿದೆ? ಹಳೇ ಪಿಟ್ ಏನಾದರೂ ಇತ್ತಾ?' ಕಾಂಟ್ರಾಕ್ಟರ್ ಇದನ್ನು ಕೇಳಿರಲೇ ಇಲ್ಲ. ಟಾಯ್ಲೆಟ್ ಪಿಟ್ ಪಕ್ಕ ಇಂಗುಬಾವಿ ತೋಡಿದರೆ ಕೊಳಕು ಸೀದಾ ಅಂತರ್ಜಲಕ್ಕೆ ಹೋಗುತ್ತದೆ. ಸಂಪಿನಿಂದ ದೂರ, ಪಾಯದಿಂದ ದೂರ ಅಂತ ಅಳೆದು ಅಳೆದು ಕೊನೆಗೆ ಗೇಟಿನ ಎಡಕ್ಕೆ, ನನ್ನ ಹೆಂಡತಿಯ ದಾಸವಾಳದ ಬುಡದಲ್ಲೇ ಜಾಗ ಹಿಡಿದರು. ದಾಸವಾಳ ಹೋಯಿತು. ಆ ಜಗಳ ಈ ರಿವ್ಯೂಗೆ ಸೇರಿದ್ದಲ್ಲ.

ತೋಡುವುದನ್ನು ನೋಡಬೇಕು. ನಾನು ಎರಡು ದಿನ ರಜೆ ಹಾಕಿ ಸುಮ್ನೆ ಕೂತು ನೋಡಿದೆ. ನಾಲ್ಕಡಿ ಅಗಲದ ಗುಂಡಿಯಲ್ಲಿ ಒಬ್ಬನೇ ಕೂತು ಸಣ್ಣ ಹಾರೆಯಲ್ಲಿ ಅಗೆಯುತ್ತಾನೆ, ಮೇಲಿನವರು ಹಗ್ಗದಲ್ಲಿ ಬಾಂಡ್ಲಿ ಎಳೆಯುತ್ತಾರೆ. ಮೊದಲು ಕಸ, ಆಮೇಲೆ ಜೇಡಿ, ಬೂದು ಬಣ್ಣದ್ದು, ಹಾರೆಗೆ ಅಂಟುತ್ತಿತ್ತು. ಒಂಬತ್ತು ಅಡಿ ಆಗುವ ಹೊತ್ತಿಗೆ ಕೆಂಪು. ಹನ್ನೆರಡು ಅಡಿಗೆ ಬಂದ ಮಣ್ಣನ್ನು ಹಿರಿಯರು ಅಂಗೈಯಲ್ಲಿ ಹಾಕಿ ಬೆರಳಿನಿಂದ ಉಜ್ಜಿದರು. ಅಕ್ಕಿ ನುಚ್ಚಿನ ಹಾಗೆ ಪುಡಿಪುಡಿಯಾಯಿತು. 'ಇದು ಕುಡಿಯೋ ಮಣ್ಣು ಸಾರ್' ಅಂದರು. ಮೂರಡಿ ಗುಂಡಿಯ 18 ಸಾವಿರ ಆಗ ನೆನಪಾಗಿ ಹೊಟ್ಟೆ ಉರಿಯಿತು. ಇನ್ನು ಒಂಬತ್ತು ಅಡಿ ಕೆಳಗೆ ಹೋಗಿದ್ದರೆ ಆಗುತ್ತಿತ್ತು!

ಮಾರನೇ ದಿನ ಬೆಳಿಗ್ಗೆ ಇಳಿಯುವ ಮೊದಲು ಹಗ್ಗಕ್ಕೆ ದೀಪ ಕಟ್ಟಿ ಕೆಳಗೆ ಬಿಟ್ಟು ಗಾಳಿ ಸರಿ ಇದೆಯಾ ಅಂತ ನೋಡಿದರು. ಹೆಲ್ಮೆಟ್ ಇರಲಿಲ್ಲ. ನಾನು ಕೇಳಿದರೆ ನಕ್ಕರು. ನನಗೆ ಅದು ಇಷ್ಟವಾಗಲಿಲ್ಲ. ಈಗ ಯೋಚಿಸಿದರೆ ಹೆಲ್ಮೆಟ್, ಸೊಂಟಕ್ಕೆ ಹಗ್ಗ ನಾನೇ ತಂದಿಡಬಹುದಿತ್ತು. ಕರೆಸುವವರು ತಂದಿಡಿ. ಮ್ಯಾನ್‌ಹೋಲ್ ಸಾವುಗಳ ಸುದ್ದಿ ಓದುವ ಊರಿನಲ್ಲಿ ಇದನ್ನು ಮರೆಯಬಾರದು.

20 ಅಡಿ ಮುಗಿದ ಮೇಲೆ ಮೂರಡಿ ಅಗಲದ ಸಿಮೆಂಟ್ ರಿಂಗ್ ಒಂದೊಂದಾಗಿ ಇಳಿಸಿದರು. ರಿಂಗಿನ ನಡುವೆ ಸಿಮೆಂಟ್ ಹಚ್ಚುವುದಿಲ್ಲ, ಸಂದಿಯಲ್ಲೇ ನೀರು ಆಚೆ ಹೋಗಬೇಕು. ಸುತ್ತ ಜಲ್ಲಿ. ತಳಕ್ಕೆ ಕಾಂಕ್ರೀಟ್ ಇಲ್ಲ. ಒಳಗೆ ಖಾಲಿ ಬಿಡಬೇಕು, ಜಲ್ಲಿ ಮರಳು ತುಂಬಬಾರದು. ಇದು ಮುಖ್ಯ. ಖಾಲಿ ಬಿಟ್ಟರೆ ಸುಮಾರು 4,000 ಲೀಟರ್ ಹಿಡಿಯುತ್ತದೆ, ಜಲ್ಲಿ ತುಂಬಿದರೆ ಅದರ ಅರ್ಧಕ್ಕಿಂತ ಕಡಿಮೆ. ಮೇಲೆ ಭಾರದ ಮುಚ್ಚಳ, ಅದಕ್ಕೆ ಬೀಗ. ಮಕ್ಕಳಿರುವ ಬೀದಿ, ಬೀಗದಲ್ಲಿ ರಾಜಿ ಮಾಡಿಕೊಳ್ಳಬೇಡಿ. ತಾರಸಿ ಪೈಪಿಗೆ ಎಲೆ ತಡೆಯುವ ಫಿಲ್ಟರ್, ಮೊದಲ ಮಳೆಯ ಕೊಳೆನೀರು ಆಚೆ ಬಿಡಲು ಒಂದು ವಾಲ್ವ್. ಎಲ್ಲ ಸೇರಿ 44 ಸಾವಿರ ಆಯಿತು. ಜಾಸ್ತಿ ಅನಿಸಿದರೆ ನಿಮ್ಮ ಎರಡು ಬೇಸಿಗೆಯ ಟ್ಯಾಂಕರ್ ಬಿಲ್ ಕೂಡಿಸಿ ನೋಡಿ.

ಪರೀಕ್ಷೆ ಬಂದಿದ್ದು 2025ರ ಮೇ 18ರ ರಾತ್ರಿ. ಸಾಯಿ ಲೇಔಟ್‌ನಲ್ಲಿ ಜನರನ್ನು ಬೋಟ್, ಟ್ರ್ಯಾಕ್ಟರ್ ತಂದು ಕರೆದುಕೊಂಡು ಹೋದರಲ್ಲ, ಅದೇ ಮಳೆ. ನಾನು ಕೊಡೆ ಹಿಡಿದು ಟಾರ್ಚ್ ಬಿಟ್ಟುಕೊಂಡು ಬಾವಿ ಪಕ್ಕ ನಿಂತಿದ್ದೆ. ಹೆಂಡತಿ ಕಿಟಕಿಯಿಂದ ನೋಡಿ ತಲೆ ಚಚ್ಚಿಕೊಂಡಳು. ಮುಚ್ಚಳಕ್ಕೆ ಕಿವಿ ಕೊಟ್ಟರೆ ಒಳಗೆ ಧೋ ಅಂತ ಸದ್ದು. ಮೊದಲ ಗಂಟೆ ನಮ್ಮ ತಾರಸಿಯಿಂದ ಒಂದು ಚೊಂಬು ನೀರೂ ರಸ್ತೆಗೆ ಹೋಗಲಿಲ್ಲ. ಆಮೇಲೆ ಬಾವಿ ತುಂಬಿತು. ತುಂಬಲೇಬೇಕು, 100 ಮಿ.ಮೀ. ಬಿದ್ದರೆ ತಾರಸಿಯಿಂದ ಬರುವುದು 10,000 ಲೀಟರ್, ಹಿಡಿಯುವುದು 4,000. ಬೆಳಿಗ್ಗೆ ಆರಕ್ಕೆ ಕೋಲು ಬಿಟ್ಟು ನೋಡಿದರೆ ನೀರು ಏಳಡಿ ಇಳಿದಿತ್ತು. ಸಂಜೆಗೆ ತಳದಲ್ಲಿ ಎರಡಡಿ. ಅಂದರೆ ಮಾರನೇ ಮಳೆಗೆ ಮತ್ತೆ ಜಾಗ ರೆಡಿ. ನನಗೆ ಹಬ್ಬದೂಟ ಉಂಡಷ್ಟು ಖುಷಿ.

ಈಗ ಆ ಒಂದು ಸ್ಟಾರ್. ಬಾವಿ ತುಂಬಿದ ಮೇಲೆ ನೀರು ಆಚೆ ಹೋಗಲು ಒಂದು ಪೈಪ್ ಬೇಕಲ್ಲ, ಅದನ್ನು ರಸ್ತೆ ಬದಿಯ ಚರಂಡಿಗೆ ಬಿಟ್ಟಿದ್ದರು. ಮೇಲೆತ್ತಿ ಹಾಕಿದರೆ ಗೇಟಿನ ಮುಂದೆ ಪೈಪ್ ಕಾಣುತ್ತದೆ, ಅಸಹ್ಯ ಅಂತ ತಗ್ಗಿಸಿ ಹಾಕಿಸಿದ್ದು ನಾನೇ. ಅವರು 'ಆಯ್ತು ಸಾರ್' ಅಂದರು, ಬೇಡ ಅನ್ನಲಿಲ್ಲ. ಅವತ್ತು ರಾತ್ರಿ ಚರಂಡಿ ಉಕ್ಕಿತು, ಅದೇ ಪೈಪಿನಲ್ಲಿ ಚರಂಡಿ ನೀರು ವಾಪಸ್ ಬಾವಿಗೆ ಬಂತು! ಬಾವಿ ಇಳಿದ ಮೇಲೆ ತಳದಲ್ಲಿ ಕಪ್ಪು ಕೆಸರು, ಒಂದು ಗುಟ್ಕಾ ಪ್ಯಾಕೆಟ್. ಮತ್ತೆ ಕರೆಸಿದೆ. ಬರಲು ಹನ್ನೊಂದು ದಿನ ತೆಗೆದುಕೊಂಡರು. ಮಳೆ ಶುರುವಾದರೆ ಎಲ್ಲರಿಗೂ ಇವರೇ ಬೇಕು. ಕೆಸರು ಎತ್ತಿ, ಪೈಪ್ ಮೇಲೇರಿಸಿ, ನೀರು ಹಿಂದೆ ಬರದ ಹಾಗೆ ಒಂದು ಫ್ಲಾಪ್ ವಾಲ್ವ್ ಹಾಕಿದರು. ಕೆಸರು ಎತ್ತಿದ್ದಕ್ಕೆ ಮಾತ್ರ ದುಡ್ಡು ತಗೊಂಡರು.

ಇನ್ನೊಂದು ಮಾತು ನೇರವಾಗಿ ಹೇಳುತ್ತೇನೆ. ನಮ್ಮ ಮನೆ ಮುಂದೆ ನೀರು ನಿಲ್ಲುವುದು ನಿಂತಿಲ್ಲ. ಮೇಲಿನ 39 ಮನೆ ತಾರಸಿ ನೀರು ಈಗಲೂ ಇಳಿದು ಬರುತ್ತದೆ. ಬಾವಿ ತೋಡಿಸಿದರೆ ಪ್ರವಾಹ ಬರಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಆದರೆ ಮಳೆನೀರಿನ ಪೈಪನ್ನು ಒಳಚರಂಡಿಗೆ ಸೇರಿಸಿದವರು ಮೂರು ಮನೆಯವರಿದ್ದರು. ಮಳೆ ಬಂದಾಗ ನಮ್ಮ ಕೆಳಗಿನ ಮ್ಯಾನ್‌ಹೋಲ್ ಮುಚ್ಚಳ ಎದ್ದು ಕುಣಿಯುತ್ತಿದ್ದುದಕ್ಕೆ ಅದೂ ಕಾರಣ. ಬಾವಿ ತೋರಿಸಿ ತೋರಿಸಿ ಅದರಲ್ಲಿ ಒಬ್ಬರನ್ನು ಒಪ್ಪಿಸಿದ್ದೇನೆ, ಪೈಪ್ ಬಿಡಿಸಿದರು. ಎದುರು ಮನೆಯವರು 'ಎಷ್ಟಾಯ್ತು' ಅಂತ ಮೂರನೇ ಸಲ ಕೇಳಿದ್ದಾರೆ. ನಮ್ಮ ಬೋರ್‌ವೆಲ್ಲಿಗೆ ಪ್ರಯೋಜನ ಆಯಿತಾ ಅಂತ ಒಂದು ಮಳೆಗಾಲಕ್ಕೇ ಹೇಳಲು ಆಗುವುದಿಲ್ಲ, ಇನ್ನೊಂದು ಬೇಸಿಗೆ ಕಳೆಯಲಿ.

ತೋಡಿಸುವವರು ಜನವರಿ, ಫೆಬ್ರವರಿಯಲ್ಲೇ ಬುಕ್ ಮಾಡಿ, ಮೇ ತಿಂಗಳಲ್ಲಿ ಯಾರೂ ಸಿಗುವುದಿಲ್ಲ. ಮಣ್ಣು ಸಾಗಿಸುವುದು ರೇಟಿನಲ್ಲಿ ಸೇರಿದೆಯಾ ಅಂತ ಮೊದಲೇ ಕೇಳಿ. ನಾನು ಕೇಳಿರಲಿಲ್ಲ. ಮೂರು ಟ್ರ್ಯಾಕ್ಟರ್ ಲೋಡ್ ಎದ್ದಿತ್ತು. ಎರಡು ಹೋಯಿತು, ಒಂದು ಇನ್ನೂ ಗೇಟಿನ ಪಕ್ಕ ಟಾರ್ಪಾಲ್ ಕೆಳಗಿದೆ. ಒಳ್ಳೇ ಕೆಂಪು ಮಣ್ಣು. ನಮ್ಮ ಬೀದಿಯವರು ಯಾರಾದರೂ ಇದನ್ನು ಓದುತ್ತಿದ್ದರೆ ಕುಂಡಕ್ಕೆ ತುಂಬಿಕೊಂಡು ಹೋಗಿ, ಚೀಲ ನೀವೇ ತನ್ನಿ.