ಲೇಬಲ್ ಇಲ್ಲದ ಡಬ್ಬಿ, ಹೆಸರಿಲ್ಲದ ಪುಡಿ: ಉಬ್ಬಸ ಇರುವವರ ಮನೆಯವರು ದಯವಿಟ್ಟು ಓದಿ

ನಿಮ್ಮ ಮನೆಯಲ್ಲಿ ಯಾರಾದರೂ ಉಬ್ಬಸಕ್ಕೆ ಹೆಸರಿಲ್ಲದ 'ನಾಟಿ ಪುಡಿ' ತಗೊಳ್ತಿದ್ದಾರಾ? ಅದು ಎರಡೇ ದಿನಕ್ಕೆ ಪವಾಡದ ಹಾಗೆ ಕೆಲಸ ಮಾಡಿತಾ? ಹಾಗಿದ್ದರೆ ಇದನ್ನು ಪೂರ್ತಿ ಓದಿ. ಆದರೆ ಮೊದಲೇ ಒಂದು ಮಾತು. ಗಾಬರಿಬಿದ್ದು ಇವತ್ತೇ ಆ ಪುಡಿ ನಿಲ್ಲಿಸಬೇಡಿ. ಡಬ್ಬಿ ಸಮೇತ ಡಾಕ್ಟರ್ ಹತ್ತಿರ ಹೋಗಿ. ಅದು ಥಟ್ಟನೆ ನಿಂತಿದ್ದಕ್ಕೇ ನನ್ನ ಅಮ್ಮ ಸಾಯುವ ಹಾಗಾಗಿದ್ದರು.

ನಮ್ಮದು ತಿಪಟೂರು ಕಡೆಯ ಹಳ್ಳಿ, ತೆಂಗಿನ ತೋಟ. ಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಟ್ಟರೆ ಒಳಗಿನ ನೀರು ಇಂಗಿ ಉಂಡೆ ಕೊಬ್ಬರಿ ಆಗುತ್ತದೆ. ಆಮೇಲೆ ಅಟ್ಟದಿಂದ ಇಳಿಸಿ, ಮಟ್ಟೆ ಸುಲಿದು, ಚಿಪ್ಪು ಒಡೆದು ಮಾರ್ಕೆಟ್ಟಿಗೆ ಹಾಕಬೇಕು. ಇಳಿಸುವ ದಿನ ಒಂದು ವರ್ಷದ ಧೂಳು, ಬೂಸ್ಟು, ಇಲಿ ಹಿಕ್ಕೆ ಎಲ್ಲ ಜೊತೆಗೇ ಇಳಿಯುತ್ತದೆ. ಮಟ್ಟೆಯ ಪುಡಿ ಸಂಜೆ ಬಿಸಿಲಲ್ಲಿ ತೇಲುತ್ತಾ ಇರುತ್ತದೆ. ನನಗೆ ನೆನಪಿರುವಷ್ಟು ದಿನದಿಂದ ಅಮ್ಮನಿಗೆ ಆ ದಿನ ಬೆಳಗ್ಗೆ ಸೀನು, ರಾತ್ರಿ ಉಬ್ಬಸ. ಗೋಡೆಗೆ ಎರಡು ದಿಂಬು ಇಟ್ಟು ಒರಗಿ, ಕೂತೇ ಬೆಳಗು ಮಾಡುತ್ತಿದ್ದರು.

ನಾಲ್ಕು ವರ್ಷದ ಹಿಂದೆ ಡಾಕ್ಟರ್ ಒಬ್ಬರು ಪಂಪ್ (ಇನ್ಹೇಲರ್) ಬರೆದುಕೊಟ್ಟರು. ದಿನಾ ಎರಡು ಹೊತ್ತು ಎಳೆಯುವಂಥದ್ದು. ಹೇಗೆ ಎಳೆಯಬೇಕು ಅಂತ ಅರ್ಧ ನಿಮಿಷದಲ್ಲಿ ತೋರಿಸಿ ಕಳಿಸಿದರು. ಅಮ್ಮ ಒಂದು ತಿಂಗಳು ಎಳೆದರು, ಏನೂ ಆಗಲಿಲ್ಲ. ಅಷ್ಟರಲ್ಲಿ ಮನೆಗೆ ಬಂದವರೆಲ್ಲ ಒಂದೊಂದು ಹೇಳಿದರು. 'ಅದರಲ್ಲಿ ಸ್ಟೀರಾಯ್ಡ್ ಇರುತ್ತೆ ಕಣಕ್ಕ, ಒಂದ್ಸಲ ಅಭ್ಯಾಸ ಆದ್ರೆ ಸಾಯೋವರೆಗೂ ಬಿಡಲ್ಲ.' ಅಮ್ಮ ಪಂಪನ್ನು ದೇವರ ಮನೆ ಗೂಡಿನಲ್ಲಿ ಇಟ್ಟುಬಿಟ್ಟರು. ಬಿಸಾಡೋಕೂ ಮನಸ್ಸಿಲ್ಲ, ಎಳೆಯೋಕೂ ಧೈರ್ಯ ಇಲ್ಲ.

ಪುಡಿಯ ಸುದ್ದಿ ತಂದವರು ನಮ್ಮ ಚಿಕ್ಕಮ್ಮ. ಪಕ್ಕದ ಊರಿನ ಲಾಡ್ಜ್ ಒಂದರಲ್ಲಿ ತಿಂಗಳಿಗೊಂದು ಭಾನುವಾರ ಒಬ್ಬರು ಬಂದು ಔಷಧಿ ಕೊಡುತ್ತಾರೆ, ಉಬ್ಬಸ, ಅಲರ್ಜಿ, ಸೈನಸ್ ಎಲ್ಲಕ್ಕೂ ಬೇರುಸಮೇತ ಪರಿಹಾರ ಅಂತ. ಕರೆದುಕೊಂಡು ಹೋದವಳು ನಾನೇ. ಬೆಂಗಳೂರಲ್ಲಿ ಕೆಲಸ ಮಾಡುವ, ಓದಿದ ಮಗಳು. ನಾಡಿ ಹಿಡಿದರು, ನಾಲಿಗೆ ನೋಡಿದರು. ಬಿಳಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕಂದು ಬಣ್ಣದ ಪುಡಿ. ಮೇಲೆ ಒಂದಕ್ಷರ ಇಲ್ಲ, ಮುಚ್ಚಳದ ಮೇಲೆ ಸ್ಕೆಚ್ ಪೆನ್ನಿನಲ್ಲಿ '1-0-1' ಅಂತ ಮಾತ್ರ. ತಿಂಗಳಿಗೆ 1,800 ರೂಪಾಯಿ, ಬಿಲ್ ಇಲ್ಲ. ಪಥ್ಯ ಮಾತ್ರ ಉದ್ದಕ್ಕಿತ್ತು: ಮೊಸರು ಬೇಡ, ಬದನೆಕಾಯಿ ಬೇಡ, ಬಾಳೆಹಣ್ಣು ಬೇಡ. (ಇಷ್ಟು ಪಥ್ಯ ಹೇಳಿದ ಮೇಲೆ ಔಷಧಿ ಗಟ್ಟಿಯೇ ಇರಬೇಕು ಅಂತ ನಮಗೆಲ್ಲ ಅನಿಸುತ್ತದೆ, ಅಲ್ವಾ?) ಇನ್ನೆರಡು ಮಾತು ಹೇಳಿದರು. ಡಾಕ್ಟರಿಗೆ ತೋರಿಸಬೇಡಿ. ಒಂದು ದಿನವೂ ತಪ್ಪಿಸಬೇಡಿ.

ಎರಡನೇ ರಾತ್ರಿಯೇ ಅಮ್ಮ ಮಲಗಿ ನಿದ್ದೆ ಮಾಡಿದರು. ನಾವು ಆ ಮನುಷ್ಯನಿಗೆ ಮನಸ್ಸಲ್ಲೇ ಕೈ ಮುಗಿದೆವು. ಆ ವರ್ಷ ಕೊಬ್ಬರಿ ಇಳಿಸುವಾಗ ಅಮ್ಮ ಅಟ್ಟದ ಕೆಳಗೆ ನಿಂತು ಆಳುಗಳಿಗೆ ಕಾಫಿ ಕೊಟ್ಟರು. ಊಟ ಚೆನ್ನಾಗಿ ಸೇರತೊಡಗಿತು. ಒಂದು ಮುದ್ದೆಗೆ ಸಾಕು ಅನ್ನುತ್ತಿದ್ದವರು ಎರಡು ತಿಂದು, ರಾತ್ರಿ ಹತ್ತಕ್ಕೆ ಮತ್ತೆ ಅವಲಕ್ಕಿ ಕಲಸಿಕೊಳ್ಳುತ್ತಿದ್ದರು. ಮುಖ ದುಂಡಗಾಯಿತು. 'ನಿಮ್ಮಮ್ಮ ಮೈ ಕೈ ತುಂಬ್ಕೊಂಡಿದಾರೆ' ಅಂತ ಎಲ್ಲರೂ ಹೇಳಿದರು, ನಾನೂ ಹಿಗ್ಗಿದೆ.

ಹಬ್ಬಕ್ಕೆ ಊರಿಗೆ ಹೋದಾಗ ಬಳೆ ತೊಡಿಸಲು ಅಮ್ಮನ ಕೈ ಹಿಡಿದೆ. ಹೊಟ್ಟೆ, ಮುಖ, ಬೆನ್ನಿನ ಮೇಲ್ಭಾಗ ಊದಿಕೊಂಡಿತ್ತು. ರವಿಕೆಯ ಹೊಲಿಗೆ ಬಿಚ್ಚಿ ಬಟ್ಟೆ ಜೋಡಿಸಿಕೊಂಡಿದ್ದರು. ಆದರೆ ತೋಳು ಮಾತ್ರ ಸಣಕಲು. ಚರ್ಮ ಈರುಳ್ಳಿ ಸಿಪ್ಪೆಯ ಹಾಗೆ ತೆಳ್ಳಗೆ, ನಾನು ಹಿಡಿದ ಕಡೆ ನೇರಳೆ ಕಲೆ ಎದ್ದಿತು. 'ವಯಸ್ಸಾಯ್ತಲ್ಲ ಕಣೆ' ಅಂದರು. ನಾನೂ ಹೌದು ಅಂದುಕೊಂಡು ಸುಮ್ಮನಾದೆ. ಇವತ್ತಿಗೂ ನನಗೆ ಚುಚ್ಚುವುದು ಅದೇ.

ಒಂದು ಭಾನುವಾರ ಆ ಮನುಷ್ಯ ಬರಲೇ ಇಲ್ಲ. ಫೋನ್ ಸ್ವಿಚ್ ಆಫ್. ಡಬ್ಬಿ ಖಾಲಿಯಾದ ಮೂರನೇ ದಿನ ಅಮ್ಮನಿಗೆ ವಾಂತಿ ಶುರುವಾಯಿತು. ಎದ್ದು ನಿಂತರೆ ಕಣ್ಣು ಕತ್ತಲೆ. ನಾಲ್ಕನೇ ದಿನ ಉಬ್ಬಸವೂ ಸೇರಿಕೊಂಡಿತು. ಅಣ್ಣ ಕಾರಿನಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದ. ಅಲ್ಲಿ ಬಿಪಿ 80/50.

ಡ್ಯೂಟಿಯಲ್ಲಿದ್ದ ಡಾಕ್ಟರ್ ಚಿಕ್ಕ ವಯಸ್ಸಿನ ಹುಡುಗಿ. ಅಮ್ಮನ ಮುಖ ನೋಡಿದರು, ತೋಳು ನೋಡಿದರು, 'ಯಾವ ಪುಡಿ ತಗೊಳ್ತಿದ್ರಿ ಅಮ್ಮ?' ಅಂತ ನೇರವಾಗಿ ಕೇಳಿದರು. ನಾವು ಪುಡಿಯ ಸುದ್ದಿಯನ್ನೇ ಎತ್ತಿರಲಿಲ್ಲ. ಅಮ್ಮ ಬಾಯಿ ಬಿಡಲಿಲ್ಲ, ಹೇಳಿದ್ದು ಅತ್ತಿಗೆ.

ಡಾಕ್ಟರ್ ವಿವರಿಸಿದ್ದು ಹೀಗೆ. ಮೂತ್ರಪಿಂಡದ ಮೇಲೆ ಅಡ್ರಿನಲ್ ಅಂತ ಎರಡು ಪುಟ್ಟ ಗ್ರಂಥಿ ಇವೆ. ದೇಹಕ್ಕೆ ಬೇಕಾದ ಕಾರ್ಟಿಸಾಲ್ ಅನ್ನುವ ಸ್ಟೀರಾಯ್ಡ್ ಹಾರ್ಮೋನು ಅಲ್ಲೇ ತಯಾರಾಗುತ್ತದೆ. ಹೊರಗಿಂದ ತಿಂಗಳುಗಟ್ಟಲೆ ಜಾಸ್ತಿ ಸ್ಟೀರಾಯ್ಡ್ ಹೋದರೆ ಆ ಗ್ರಂಥಿಗಳು ಕೆಲಸ ನಿಲ್ಲಿಸಿ ಮಲಗಿಬಿಡುತ್ತವೆ. ಆಗ ಥಟ್ಟನೆ ಹೊರಗಿನದು ನಿಂತರೆ ಒಳಗಿನದೂ ಇಲ್ಲ, ಹೊರಗಿನದೂ ಇಲ್ಲ. ಬಿಪಿ ಬೀಳುತ್ತದೆ, ಜೀವಕ್ಕೇ ಅಪಾಯ. ರಕ್ತ ತೆಗೆದುಕೊಂಡು ತಕ್ಷಣ ಕಾರ್ಟಿಸಾಲಿನ ಬದಲಿಗೆ ಹೈಡ್ರೋಕಾರ್ಟಿಸೋನ್ ಇಂಜೆಕ್ಷನ್ ಕೊಟ್ಟರು. ಕಾರ್ಟಿಸಾಲ್ ರಿಪೋರ್ಟ್ ಬಂದಾಗ ನೆಲ ಮುಟ್ಟಿತ್ತು. ಸಕ್ಕರೆ ಕಾಯಿಲೆಯೇ ಇಲ್ಲದ ಅಮ್ಮನಿಗೆ ಶುಗರ್ 280 ಇತ್ತು.

'ಪುಡೀಲಿ ಏನಿತ್ತು ಅಂತ ಲ್ಯಾಬ್‌ಗೆ ಕಳಿಸಿದರೆ ಮಾತ್ರ ಖಚಿತವಾಗಿ ಹೇಳಬಹುದು. ಆದರೆ ನಿಮ್ಮಮ್ಮನ ದುಂಡು ಮುಖ, ಸಣಕಲು ತೋಳು, ತೆಳ್ಳಗಾದ ಚರ್ಮವೇ ಸ್ಟೀರಾಯ್ಡ್ ಅಂತ ಹೇಳ್ತಾ ಇದೆಯಲ್ಲ' ಅಂದರು. ಡೆಕ್ಸಾಮೆಥಾಸೋನ್, ಪ್ರೆಡ್ನಿಸೋಲೋನ್ ಥರದ ಸ್ಟೀರಾಯ್ಡ್ ಮಾತ್ರೆಗಳು ತುಂಬಾ ಅಗ್ಗ. ಅರೆದು ಯಾವ ಪುಡಿಯಲ್ಲಿ ಬೆರೆಸಿದರೂ ಗೊತ್ತಾಗಲ್ಲ. 'ಒಂದು ದಿನವೂ ತಪ್ಪಿಸಬೇಡಿ' ಅಂದಿದ್ದು ಯಾಕೆ ಅಂತ ನನಗೆ ಆಗ ಹೊಳೆಯಿತು. ಆ ಮನುಷ್ಯನಿಗೆ ಗೊತ್ತಿತ್ತು.

ಆಮೇಲೆ ಡಾಕ್ಟರ್ ಒಂದು ಚೀಟಿಯ ಹಿಂದೆ ಲೆಕ್ಕ ಬರೆದು ತೋರಿಸಿದರು. ನಾವು ಹೆದರಿ ಬಿಟ್ಟ ಪಂಪಿನಲ್ಲಿ ಇದ್ದದ್ದು ದಿನಕ್ಕೆ 400 ಮೈಕ್ರೋಗ್ರಾಂ ಸ್ಟೀರಾಯ್ಡ್, ಅದೂ ನೇರ ಶ್ವಾಸನಾಳಕ್ಕೆ. 10 ಮಿಲಿಗ್ರಾಂನ ಒಂದು ಸ್ಟೀರಾಯ್ಡ್ ಮಾತ್ರೆ ಅಂದರೆ 10,000 ಮೈಕ್ರೋಗ್ರಾಂ, ಹೊಟ್ಟೆಯಿಂದ ಇಡೀ ಮೈಗೆ. ಎರಡೂ ಬೇರೆ ಬೇರೆ ಔಷಧಿ, ಸುಮ್ನೆ ತೂಕ ಹೋಲಿಸಬಾರದು ಅಂತಲೂ ಹೇಳಿದರು. ನನಗೆ ಅಷ್ಟು ಸಾಕಾಯಿತು. ಸ್ಟೀರಾಯ್ಡಿಗೆ ಹೆದರಿ ಓಡಿ, ಹದಿನಾಲ್ಕು ತಿಂಗಳು ಚಮಚದಲ್ಲಿ ಸ್ಟೀರಾಯ್ಡ್ ತಿಂದಿದ್ದೆವು.

ದೇವರ ಮನೆಯ ಪಂಪ್ ಕೆಲಸ ಮಾಡದಿದ್ದಕ್ಕೂ ಕಾರಣ ಸಿಕ್ಕಿತು. ಅಮ್ಮ ಒತ್ತಿದ ಮೇಲೆ ಉಸಿರು ಎಳೆಯುತ್ತಿದ್ದರು, ಔಷಧಿಯೆಲ್ಲ ನಾಲಿಗೆಗೆ ಬೀಳುತ್ತಿತ್ತು. ಈಗ ಸ್ಪೇಸರ್ ಕೊಟ್ಟಿದ್ದಾರೆ. ಲೋಟದಷ್ಟು ದೊಡ್ಡ ಪ್ಲಾಸ್ಟಿಕ್ ಕೊಳವೆ, ಒಂದು ಕಡೆ ಪಂಪ್, ಇನ್ನೊಂದು ಕಡೆ ಬಾಯಿ. ಪಂಪ್ ಅಲುಗಾಡಿಸಿ, ಉಸಿರು ಬಿಟ್ಟು, ಒತ್ತಿ, ನಿಧಾನ ಎಳೆದು, ಹತ್ತು ಎಣಿಸುವಷ್ಟು ಹೊತ್ತು ಹಿಡಿಯಬೇಕು. ಕೊನೆಗೆ ಬಾಯಿ ಮುಕ್ಕಳಿಸಬೇಕು, ಇಲ್ಲದಿದ್ದರೆ ಬಾಯಲ್ಲಿ ಬಿಳಿ ಪದರದಂಥ ಫಂಗಸ್ ಬರಬಹುದು. ಪುಡಿಯ ಜಾಗಕ್ಕೆ ಸ್ಟೀರಾಯ್ಡ್ ಮಾತ್ರೆ ಕೊಟ್ಟು, ಅದನ್ನು ಇಳಿಸುತ್ತಾ ಬಂದು ನಿಲ್ಲಿಸಲು ಎಂಟು ತಿಂಗಳು ಹಿಡಿಯಿತು. ಶುಗರ್ ಮಾತ್ರೆ ಇನ್ನೂ ನಡೆಯುತ್ತಿದೆ.

ಆಯುರ್ವೇದದ ಮೇಲೆ ನನ್ನ ದೂರಲ್ಲ. ಅಂಗಡಿಯಲ್ಲಿ ಸಿಗುವ ಯಾವುದೇ ಆಯುರ್ವೇದ ಔಷಧಿಯ ಮೇಲೆ ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ತಯಾರಿಸಿದ ದಿನ, ಒಳಗೆ ಏನೇನಿದೆ ಅನ್ನುವ ಪಟ್ಟಿ ಇರಬೇಕು. ನಮ್ಮ ಡಬ್ಬಿಯ ಮೇಲೆ ಸ್ಕೆಚ್ ಪೆನ್ ಇತ್ತು. ದೂರು ಕೊಡೋಣ ಅಂತ ಹೊರಟರೆ ಪುಡಿಯೂ ಇಲ್ಲ, ಬಿಲ್ಲೂ ಇಲ್ಲ. ಕೊನೆಯ ಡಬ್ಬಿಯನ್ನು ಅತ್ತಿಗೆ ತೊಳೆದು ಸಾಸಿವೆ ತುಂಬಿಸಿಟ್ಟಿದ್ದರು. ನೀವು ಆ ತಪ್ಪು ಮಾಡಬೇಡಿ. ಸ್ವಲ್ಪ ಪುಡಿ ಡಬ್ಬಿಯಲ್ಲೇ ಉಳಿಸಿಡಿ, ಕೊಟ್ಟವರ ನಂಬರ್, ದುಡ್ಡು ಕಳಿಸಿದ ಮೆಸೇಜ್ ಅಳಿಸಬೇಡಿ. ಜಿಲ್ಲಾ ಆಯುಷ್ ಕಚೇರಿಗೂ ಔಷಧ ನಿಯಂತ್ರಣ ಅಧಿಕಾರಿಗಳಿಗೂ ದೂರು ಕೊಡಬಹುದು.

ಹೋದ ತಿಂಗಳು ಆ ಲಾಡ್ಜ್ ಮುಂದೆ ಬಸ್ಸಿಗೆ ಕಾಯುತ್ತಿದ್ದೆ. ಮೆಟ್ಟಿಲ ಮೇಲೆ ಮತ್ತೆ ಸಾಲು ಇತ್ತು. ಒಬ್ಬರು ಏಳೆಂಟು ವರ್ಷದ ಮಗನನ್ನು ಕರೆತಂದಿದ್ದರು. ನಾನು ಹತ್ತಿರ ಹೋಗಿ ನಮ್ಮ ಮನೆಯ ಕಥೆ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು, ಆಮೇಲೆ ಹುಡುಗನ ಕೆನ್ನೆ ತಟ್ಟಿ ನಕ್ಕರು. 'ಇಲ್ಲ ಮೇಡಂ, ನಮಗೆ ಚೆನ್ನಾಗಿ ಹಿಡಿಸಿದೆ. ನೋಡಿ, ಹೆಂಗೆ ದುಂಡುದುಂಡಗೆ ಆಗಿದ್ದಾನೆ!'