ಅಂಬಾಸಡರ್‌ಗೆ ಹಳೇ ಇಂಜಿನ್ನೇ ಕಟ್ಟಿಸಬೇಕಾ, ಇಸುಜು ಕೂರಿಸಬೇಕಾ?

ನಮ್ಮ ಮನೆಯಲ್ಲಿ ಎರಡು ಅಂಬಾಸಡರ್ ಇವೆ. ಒಂದು ಅಪ್ಪನ 1978ರ ಮಾರ್ಕ್ 3, ಇನ್ನೊಂದು ಚಿಕ್ಕಪ್ಪನ 1986ರ ಮಾರ್ಕ್ 4. ಎರಡರ ಇಂಜಿನ್ನೂ ಹೆಚ್ಚುಕಡಿಮೆ ಒಂದೇ ವರ್ಷ ಕೈಕೊಟ್ಟವು. ಅಪ್ಪನದನ್ನು ಬಿಚ್ಚಿ ಹೊಸದಾಗಿ ಕಟ್ಟಿಸಿದೆವು. ಚಿಕ್ಕಪ್ಪನದಕ್ಕೆ ಜಪಾನಿನ ಇಸುಜು ಕಂಪನಿಯ ವಿನ್ಯಾಸದ ಇಂಜಿನ್ ಕೂರಿಸಿದೆವು. ಎರಡೂ ಕೆಲಸಕ್ಕೆ ಗ್ಯಾರೇಜಿನಲ್ಲಿ ನಾನೇ ನಿಂತಿದ್ದೆ. ಎರಡನ್ನೂ ಹಾಸನದಿಂದ ಶಿರಾಡಿ ಘಾಟಿ ಇಳಿಸಿ ಹತ್ತಿಸಿದ್ದೇನೆ.

ಮೊದಲು ಹಳೇದು. ಬ್ರಿಟನ್ನಿನ ಬಿಎಂಸಿ ಕಂಪನಿಯ 1489 ಸಿಸಿಯ ಬಿ-ಸೀರೀಸ್ ಇಂಜಿನ್. ಬ್ಲಾಕೂ ಅದರ ಮೇಲೆ ಕೂರುವ ಹೆಡ್ಡೂ ಎರಡೂ ಬೀಡುಕಬ್ಬಿಣ, ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕಿಗೆ ಮೂರೇ ಮೇನ್ ಬೇರಿಂಗ್, ಸುಮಾರು 50 ಎಚ್‌ಪಿ. ಎಂಜಿಬಿ ಸ್ಪೋರ್ಟ್ಸ್ ಕಾರಿನಲ್ಲಿದ್ದ 1798 ಸಿಸಿ ಇಂಜಿನ್ನೂ ಇದೇ ವಂಶದ್ದು. ನಮ್ಮದು ಸಾವಿರ ಕಿಲೋಮೀಟರಿಗೆ ಒಂದೂವರೆ ಲೀಟರ್ ಆಯಿಲ್ ಕುಡಿಯುತ್ತಿತ್ತು. ಹೆಡ್ ತೆಗೆದು ಬೋರಿನ, ಅಂದರೆ ಪಿಸ್ಟನ್ ಓಡಾಡುವ ಕೊಳವೆಯ, ಮೇಲ್ತುದಿಯಲ್ಲಿ ಉಗುರು ಆಡಿಸಿದೆ. ಗಕ್ಕನೆ ಸಿಕ್ಕಿಕೊಂಡಿತು. ಪಿಸ್ಟನ್ನಿನ ರಿಂಗ್ ಓಡಾಡುವ ಜಾಗ ಸವೆದು, ಅದರ ಮೇಲೆ ಅಂಚು ನಿಂತಿತ್ತು. ಅಂಥ ಬೋರಿಗೆ ಸುಮ್ನೆ ಹೊಸ ರಿಂಗ್ ಹಾಕಿದರೆ ದುಡ್ಡು ದಂಡ. ಬೋರ್ ಹೊಡೆಸಲೇಬೇಕು, ಅಂದರೆ ಕೊಳವೆಯನ್ನು ಕೊರೆದು ಅಗಲ ಮಾಡಿಸಿ ದೊಡ್ಡ ಪಿಸ್ಟನ್ ಹಾಕಿಸಬೇಕು.

ಅಲ್ಲೇ ನನಗೆ ಪೆಟ್ಟು ಬಿದ್ದದ್ದು. ಪಿಸ್ಟನ್ ಕೈಗೆ ಬರುವ ಮೊದಲೇ ಬ್ಲಾಕನ್ನು ಲೇತ್ ಅಂಗಡಿಗೆ ಕೊಟ್ಟೆ. ಅವರು 20 ಥೌ (ಒಂದು ಥೌ ಅಂದರೆ ಇಂಚಿನ ಸಾವಿರದ ಒಂದು ಭಾಗ) ಲೆಕ್ಕಕ್ಕೆ ಹೊಡೆದರು. ಆಮೇಲೆ ಬಂದ ಪಿಸ್ಟನ್ ಒಂಚೂರು ಸಣ್ಣ. ಬೆಳಿಗ್ಗೆ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರೆ ಟಕಟಕ ಸದ್ದು. ಎರಡೇ ತಿಂಗಳಿಗೆ ಇಂಜಿನ್ ಮತ್ತೆ ಇಳಿಸಿದೆವು. 30ರ ಪಿಸ್ಟನ್ ಸೆಟ್ ಸಿಗದೆ ನೇರ 40ಕ್ಕೆ ಹೋಗಬೇಕಾಯಿತು. ಮುಂದಿನ ಸಲ ಬೋರಿನೊಳಗೆ ಹೊಸ ಕೊಳವೆ ಕೂರಿಸುವ ಸ್ಲೀವೇ ಗತಿ. ಈ ಸಲ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಪಿಸ್ಟನ್ ತಂದು, ಒಂದೊಂದಕ್ಕೂ ನಂಬರ್ ಬರೆದು, ಅಳೆದು, ಅದರದರ ಬೋರನ್ನು ಅದಕ್ಕೇ ಹೊಂದುವಂತೆ ಹೊಡೆಸಿದೆ. ದಯವಿಟ್ಟು ಪಿಸ್ಟನ್ ಮೊದಲು ತನ್ನಿ, ಬೋರಿಂಗ್ ಆಮೇಲೆ.

ಹೆಡ್ಡಿನ ವಿಷಯದಲ್ಲೂ ಒಂದು ಮಾತು. 2000ನೇ ಇಸವಿಯಿಂದ ನಮ್ಮ ದೇಶದ ಪೆಟ್ರೋಲಿನಲ್ಲಿ ಸೀಸ ಸೇರಿಸುವುದಿಲ್ಲ. ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್ ಹೆಡ್ಡಿನಲ್ಲಿ ಕೂರುವ ಅಂಚನ್ನು, ಅಂದರೆ ಸೀಟನ್ನು, ಸವೆಯದಂತೆ ಕಾಯುತ್ತಿದ್ದದ್ದು ಆ ಸೀಸವೇ. ಅದಿಲ್ಲದೆ ಜೋರಾಗಿ ಓಡಿಸಿದರೆ ವಾಲ್ವ್ ಮೆಲ್ಲಗೆ ಹೆಡ್ಡಿನೊಳಕ್ಕೆ ಇಳಿಯುತ್ತದೆ, ವಾಲ್ವಿಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಸಂದು (ಟ್ಯಾಪೆಟ್ ಗ್ಯಾಪ್) ಕಡಿಮೆಯಾಗುತ್ತಾ ಹೋಗುತ್ತದೆ. ಹೆಡ್ ಬಿಚ್ಚಿದಾಗಲೇ ಗಟ್ಟಿ ಸೀಟು ಕೂರಿಸಿಬಿಡಿ.

ಕ್ರ್ಯಾಂಕ್ ಗ್ರೈಂಡ್ ಆಗಿ ಬಂತು. ಹೊಸ ಬೇರಿಂಗ್ ಹಾಕಿ, ಆಯಿಲ್ ಸವರಿ, ಕ್ಯಾಪ್ ಬಿಗಿ ಮಾಡಿದ ಮೇಲೆ ಮೇಸ್ತ್ರಿ "ತಿರುಗಿಸಿ ನೋಡಿ ಸಾರ್" ಅಂದರು. ಅಷ್ಟು ಭಾರದ ಕ್ರ್ಯಾಂಕ್ ಒಂದೇ ಕೈಯಲ್ಲಿ, ಎಲ್ಲೂ ತಡೆಯದೆ, ಬೆಣ್ಣೆಯ ಹಾಗೆ ತಿರುಗಿತು. ಎರಡು ಸಲದ ಬೋರಿಂಗೂ ಸೇರಿ ಒಟ್ಟು 72,000 ರೂಪಾಯಿ ಆಯ್ತು.

ಇನ್ನು ಇಸುಜು. 1817 ಸಿಸಿ, ಐದು ಮೇನ್ ಬೇರಿಂಗ್, ಅಲ್ಯೂಮಿನಿಯಂ ಹೆಡ್, ಕ್ಯಾಮ್‌ಶಾಫ್ಟ್ ಹೆಡ್ಡಿನಲ್ಲೇ, ಐದು ಗೇರ್. ಅಂಬಾಸಡರ್ ತಯಾರಿಸಿದ ಹಿಂದೂಸ್ತಾನ್ ಮೋಟಾರ್ಸ್‌ನವರೇ ಮೊದಲು ತಮ್ಮ ಇನ್ನೊಂದು ಕಾರು ಕಾಂಟೆಸಾಗೆ, ಆಮೇಲೆ 1990ರ ದಶಕದಲ್ಲಿ ಅಂಬಾಸಡರ್‌ಗೂ ಹಾಕಿದ ಇಂಜಿನ್. ಹಾಗಾಗಿ ಇದು ಈ ಗಾಡಿಗೆ ಪರಕೀಯ ಅಲ್ಲ. ಆದರೆ ಇಂಜಿನ್ ಒಂದನ್ನೇ ಕೊಂಡರೆ ಕೆಟ್ಟಿರಿ. ಇಂಜಿನ್ ಕೂರಿಸುವ ಮೌಂಟಿಂಗ್ ಬೇರೆ, ಹಿಂದಿನ ಚಕ್ರಗಳಿಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಅಳತೆ ಬೇರೆ, ಸ್ಟೀರಿಂಗ್ ಪಕ್ಕದ ಗೇರ್ ನೆಲಕ್ಕೆ ಬರಬೇಕು. ನಾವು ಓಡದೆ ನಿಂತಿದ್ದ ಒಂದು ಇಸುಜು ಅಂಬಾಸಡರನ್ನು ಇಡೀ ಗಾಡಿಯಾಗಿಯೇ ಕೊಂಡೆವು. ನಾಲ್ಕೂ ಸಿಲಿಂಡರಿನ ಕಂಪ್ರೆಷನ್ (ಒಳಗಿನ ಒತ್ತಡ) ನೋಡಿದ ಮೇಲೇ ದುಡ್ಡು ಕೊಟ್ಟದ್ದು. ಬೇಕಾದ್ದೆಲ್ಲ ಅದರಿಂದಲೇ ಬಂತು. ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಬೇರೆ ಹಾಕಿಸಿದೆವು. ಇಂಜಿನ್ನಿಗೆ ಜೋರು ಕೊಟ್ಟು ಬ್ರೇಕ್ ಹಳೇದೇ ಬಿಡೋದು ಅಪಾಯ ಅಲ್ವಾ? ಹಳೇ ಗಾಡಿ ಮಾರಿದವರ ದಾಖಲೆ, ಆರ್‌ಟಿಒ ಒಪ್ಪಿಗೆ, ಆರ್‌ಸಿಯಲ್ಲಿ ಹೊಸ ಇಂಜಿನ್ ನಂಬರ್, ಇಷ್ಟಕ್ಕೆ ಓಡಾಡಿದ್ದೇ ಒಂದು ಕೆಲಸ. ಎಲ್ಲ ಸೇರಿ 1,60,000 ದಾಟಿತು.

ಓಡಿಸಲು ಯಾವುದು ಚೆನ್ನ ಅಂದರೆ ಇಸುಜುವೇ, ಅನುಮಾನವಿಲ್ಲ. ಘಾಟಿಯಲ್ಲಿ ಲಾರಿ ಹಿಂದೆ ಸಿಕ್ಕಿಕೊಂಡರೆ ಅಪ್ಪನ ಗಾಡಿಗೆ ಎರಡನೇ ಗೇರೇ ಬೇಕು. ಚಿಕ್ಕಪ್ಪನದು ಮೂರರಲ್ಲೇ ಎಳೆಯುತ್ತದೆ. ಹೈವೇಯಲ್ಲಿ 80ರಲ್ಲಿ ಐದನೇ ಗೇರಿಗೆ ಹಾಕಿದರೆ ಮಾತು ಕೇಳಿಸುತ್ತದೆ. ಹಳೇದರಲ್ಲಿ ಕೂಗಿ ಮಾತಾಡಬೇಕು. ಹಳೇದರ ಕ್ರ್ಯಾಂಕಿನ ಹಿಂದೆ ಸೀಲ್ ಇಲ್ಲ, ಆಯಿಲ್ ತಡೆಯಲು ಬರೀ ಸುರುಳಿ ಗೆರೆ ಇದೆ. ಎಷ್ಟು ಚೆನ್ನಾಗಿ ಕಟ್ಟಿಸಿದರೂ ನಿಂತಲ್ಲಿ ಒಂದೆರಡು ಹನಿ ತೊಟ್ಟಿಕ್ಕುತ್ತದೆ.

ಆದರೂ ನನ್ನ ಓಟು ಹಳೇದಕ್ಕೇ. ಬ್ಲಾಕ್ ಬಿರುಕು ಬಿಟ್ಟಿಲ್ಲ, ಬೋರಿಗೆ ಇನ್ನೂ ಸೈಜ್ ಉಳಿದಿದೆ ಅಂದರೆ ಕಟ್ಟಿಸಿ. ಇಸುಜುವಿನ ಟೈಮಿಂಗ್ ಚೈನ್ ಟೆನ್ಷನರ್‌ಗೆ ನಾವು ಮೂರು ವಾರ ಕಾದೆವು. ಹಳೇದರ ವಾಟರ್ ಪಂಪ್ ಅರ್ಧ ದಿನದಲ್ಲಿ ಸಿಕ್ಕಿತು. ಅದೂ ಅಲ್ಲದೆ ಅಪ್ಪನ ಗಾಡಿ ಸ್ಟಾರ್ಟ್ ಆದಾಗ ಬರುವ ಸದ್ದು ನಾನು ಚಿಕ್ಕವನಿದ್ದಾಗ ಕೇಳಿದ್ದೇ ಸದ್ದು. ಅದಕ್ಕೆ ನಾನು ಬೆಲೆ ಕೊಡುತ್ತೇನೆ.

ಚಿಕ್ಕಪ್ಪನ ಗಾಡಿಯಿಂದ ಇಳಿಸಿದ ಬ್ಲಾಕ್ ಶೆಡ್ಡಿನಲ್ಲಿದೆ. ಹೋದ ತಿಂಗಳು ಅಳೆಸಿದೆ. 20ಕ್ಕೆ ಹೊಡೆಸಿದರೆ ಸಾಕಂತೆ. ಬೋರಿಗೆಲ್ಲ ಗ್ರೀಸ್ ಬಳಿದು, ಗೋಣಿಚೀಲ ಹೊದಿಸಿ ಇಟ್ಟಿದ್ದೇನೆ.