ತೇವದ ತುರುಬು: ಕ್ರೀಮಿಗಿಂತ ಮೊದಲು ಪಿನ್ನು ನೋಡಿ

ತೇವದ ತುರುಬು, ಅಂದರೆ ತುಸು ತೇವವಿರುವ ಕೂದಲಿಗೆ ಕ್ರೀಮು ಹಚ್ಚಿ ಸುತ್ತಿಡುವ ತುರುಬು, ಕಟ್ಟಿ ಕೂದಲು ಉದ್ದ ಉಳಿಸಿಕೊಳ್ಳಬೇಕು ಎಂದು ಹೊರಟವರು ಮೊದಲು ದುಡ್ಡು ಹಾಕುವುದು ಕ್ರೀಮಿಗೆ. ತುರುಬು ಕಟ್ಟಲು ಮಾತ್ರ ಕೈಗೆ ಸಿಕ್ಕ ರಬ್ಬರ್ ಬ್ಯಾಂಡೇ ಸಾಕು ಅನ್ನುತ್ತಾರೆ. ಎಡವುವುದು ಅಲ್ಲೇ. ಈ ಕ್ರಮದಲ್ಲಿ ಕೂದಲು ಉಳಿಯುವುದೋ ತುಂಡಾಗುವುದೋ ಎನ್ನುವುದು ಎರಡು ಸಂಗತಿಗಳ ಮೇಲೆ ನಿಂತಿದೆ: ಕಟ್ಟುವ ಹೊತ್ತಿಗೆ ಕೂದಲಲ್ಲಿ ಎಷ್ಟು ನೀರಿದೆ, ತುರುಬನ್ನು ಯಾವುದು ಹಿಡಿದಿದೆ. ಕ್ರೀಮಿನ ಪಾತ್ರ ಆಮೇಲಿನದು. ಹಾಗಾಗಿ ಇಲ್ಲಿ ಸ್ಕ್ರಂಚಿ (ಬಟ್ಟೆ ಹೊದಿಸಿದ ಎಲಾಸ್ಟಿಕ್ ಬ್ಯಾಂಡ್), ತುರುಬಿಗೆ ಚುಚ್ಚುವ ಕಡ್ಡಿ, ಫೋರ್ಕ್ (ಕವಲು ಕಾಲಿನ ಕಡ್ಡಿ), ಸ್ಪಿನ್ ಪಿನ್ (ಸ್ಕ್ರೂನಂತೆ ಸುರುಳಿಯಾದ ಪಿನ್ನು), ಕ್ಲಚರ್, ಸ್ಪ್ರೇ ಬಾಟಲಿ ಇವುಗಳ ಗುಣದೋಷಕ್ಕೇ ಹೆಚ್ಚು ಜಾಗ.

ಒಂದು ಮಾತು ಮೊದಲೇ ಸ್ಪಷ್ಟವಾಗಲಿ. ತುರುಬು ಕಟ್ಟಿದರೆ ಕೂದಲು ಬೇಗ ಬೆಳೆಯುವುದಿಲ್ಲ. ನೆತ್ತಿಯ ಕೂದಲು ತಿಂಗಳಿಗೆ ಹೆಚ್ಚುಕಡಿಮೆ 1ರಿಂದ 1.25 ಸೆಂ.ಮೀ. ಬೆಳೆಯುತ್ತದೆ, ಯಾವ ಕಟ್ಟೂ ಅದನ್ನು ಬದಲಿಸದು. ಬದಲಾಗುವುದು ತುದಿಯ ಪಾಡು. 60 ಸೆಂ.ಮೀ. ಉದ್ದದ ಕೂದಲಿನ ತುದಿಗೆ ನಾಲ್ಕು ವರ್ಷಕ್ಕೂ ಹೆಚ್ಚು ವಯಸ್ಸಾಗಿರುತ್ತದೆ. ಅಷ್ಟು ಕಾಲದ ಬಿಸಿಲು, ಬಾಚಣಿಗೆ, ಶಾಂಪೂ ಎಲ್ಲವನ್ನೂ ಉಂಡ ಆ ತುದಿ ಅಂಗಿಯ ಕಾಲರ್‌ಗೆ, ಬ್ಯಾಗಿನ ಪಟ್ಟಿಗೆ, ಕುರ್ಚಿಯ ಬೆನ್ನಿಗೆ ಉಜ್ಜಿ ಸೀಳುತ್ತದೆ. ಬುಡದಲ್ಲಿ ಬೆಳೆದಷ್ಟೂ ತುದಿಯಲ್ಲಿ ಉದುರಿದರೆ ಉದ್ದ ನಿಂತಲ್ಲೇ ನಿಲ್ಲುತ್ತದೆ. ತುರುಬು ಆ ತುದಿಯನ್ನು ಒಳಗೆ ಸುತ್ತಿಟ್ಟು ಉಜ್ಜಾಟ ತಪ್ಪಿಸುತ್ತದೆ. ತೇವವಿದ್ದರೆ ನೀರೂ ಕಂಡಿಷನರೂ ಗಾಳಿಗೆ ಬೇಗ ಆರಿಹೋಗದೆ ಹೆಚ್ಚು ಹೊತ್ತು ಒಳಗೆ ಉಳಿಯುತ್ತವೆ.

ಬಿಗಿ ಸುರುಳಿ ಕೂದಲಿನವರಿಗೆ ಇದರ ಲಾಭ ಎಲ್ಲರಿಗಿಂತ ಹೆಚ್ಚು. ನೆತ್ತಿಯಲ್ಲಿ ಹುಟ್ಟುವ ಎಣ್ಣೆಯಂಶ ನೇರ ಕೂದಲಲ್ಲಿ ಸಲೀಸಾಗಿ ಕೆಳಗಿಳಿಯುತ್ತದೆ. ಸುರುಳಿ ಸುರುಳಿಯಾಗಿರುವ ಎಳೆಯಲ್ಲಿ ತುದಿ ತಲುಪುವುದು ಕಷ್ಟ. ಆಫ್ರಿಕನ್ ಮೂಲದ ಮಹಿಳೆಯರಲ್ಲಿ ಈ ಕ್ರಮ ಇಷ್ಟು ಬೇರೂರಿರುವುದಕ್ಕೆ ಕಾರಣ ಇದೇ. ನೇರವಾದ, ಬೇಗ ಜಿಡ್ಡಾಗುವ ಕೂದಲಿನವರಿಗೆ ವಾರಕ್ಕೆ ಒಂದೆರಡು ಸಲ ಸಾಕು. ಅವರು ದಿನಾ ನೀರು ಹಾಕಿ ಕಟ್ಟಿದರೆ ಲಾಭಕ್ಕಿಂತ ಕಿರಿಕಿರಿಯೇ ಜಾಸ್ತಿ.

ಈಗ ನೀರಿನ ವಿಷಯ. ಒದ್ದೆಯಾದ ಕೂದಲಿನ ಎಳೆ ದಪ್ಪದಲ್ಲಿ ಸುಮಾರು 15%ರಷ್ಟು ಉಬ್ಬುತ್ತದೆ, ಉದ್ದದಲ್ಲೂ 1–2% ಹಿಗ್ಗುತ್ತದೆ. ಎಳೆಯನ್ನು ಗಟ್ಟಿಯಾಗಿಡುವ ಹೈಡ್ರೋಜನ್ ಬಂಧಗಳು ನೀರಿಗೆ ಸಡಿಲಾಗುತ್ತವೆ, ಎಳೆಯ ಮೇಲ್ಮೈಯನ್ನು ಮುಚ್ಚಿರುವ ಸಣ್ಣ ಹುರುಪೆಗಳು ಏಳುತ್ತವೆ. ಆದ್ದರಿಂದ ಒದ್ದೆ ಕೂದಲು ಎಳೆದರೆ ಸುಲಭವಾಗಿ ಉದ್ದಕ್ಕೆ ಬರುತ್ತದೆ, ಪಕ್ಕದ ಎಳೆಗೆ ಸಿಕ್ಕಿಕೊಳ್ಳುತ್ತದೆ, ಸಣ್ಣ ಜಗ್ಗಿಗೇ ಪೆಟ್ಟು ತಿನ್ನುತ್ತದೆ. ಹಿಗ್ಗಿದ ಸ್ಥಿತಿಯಲ್ಲಿ ಬಿಗಿದು ಕಟ್ಟಿದ್ದು ಒಣಗುತ್ತಾ ಮೊದಲಿನ ಉದ್ದಕ್ಕೆ ಮರಳಲು ನೋಡುತ್ತದೆ; ಬ್ಯಾಂಡ್ ಬಿಡುವುದಿಲ್ಲ. ಬೆಳಿಗ್ಗೆ ಹಿತವಾಗಿದ್ದ ತುರುಬು ಮಧ್ಯಾಹ್ನಕ್ಕೆ ಹಣೆಯಂಚನ್ನು ಎಳೆದು ತಲೆನೋವು ತರುವುದು ಇದಕ್ಕೇ. ಕಟ್ಟುವಾಗಲೇ ಒಂದು ಬೆರಳು ಸಲೀಸಾಗಿ ತೂರುವಷ್ಟು ಸಡಿಲ ಬಿಡಬೇಕು.

ಎಷ್ಟು ತೇವ ಸರಿ? ಬುಡ ಒಣಗಿರಬೇಕು, ಕಿವಿಯಿಂದ ಕೆಳಗಿನ ಭಾಗ ಮುಟ್ಟಿದರೆ ತಣ್ಣಗಿರಬೇಕು, ಟಿಶ್ಯೂ ಪೇಪರಿನಲ್ಲಿ ಒಂದು ಜೊಂಪೆ ಹಿಂಡಿದರೆ ನೀರಿನ ಕಲೆ ಮೂಡಬಾರದು. ತಲೆಸ್ನಾನ ಮಾಡಿದ ದಿನ ಮೈಕ್ರೋಫೈಬರ್ ಟವೆಲ್ ಅಥವಾ ಹಳೆಯ ಹತ್ತಿ ಟಿ-ಶರ್ಟನ್ನು 15–20 ನಿಮಿಷ ಸುತ್ತಿ, ಉಜ್ಜದೆ ಒತ್ತಿ ನೀರು ತೆಗೆದು, ಆಮೇಲೆ ಬುಡ ಆರುವ ತನಕ ಬಿಚ್ಚಿಬಿಡಬೇಕು. ಒಣ ಕೂದಲಿಗೆ ಕಟ್ಟುವುದಾದರೆ ಹೆಗಲ ಕೆಳಗಿನ ಉದ್ದಕ್ಕೆ 10–12 ಸಲ ಸ್ಪ್ರೇ ಹೊಡೆದರೆ ಸಾಕು. ನೆತ್ತಿಗೆ ಬೇಡ.

ಬಾಟಲಿಯಿಂದ ಶುರುಮಾಡೋಣ. ಮಾಮೂಲಿ ಟ್ರಿಗರ್ ಬಾಟಲಿಯ ಹನಿ ದಪ್ಪ. ಒಂದು ಕಡೆ ತೊಟ್ಟಿಕ್ಕುತ್ತದೆ, ಪಕ್ಕದಲ್ಲಿ ಒಣಗಿಯೇ ಇರುತ್ತದೆ. ಒಂದು ಸಲ ಒತ್ತಿದರೆ ಒಂದೆರಡು ಸೆಕೆಂಡು ಮಂಜಿನಂತೆ ಉದುರುವ ಕಂಟಿನ್ಯೂಯಸ್ ಮಿಸ್ಟ್ ಬಾಟಲಿಗೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ. 200–300 ಮಿ.ಲೀ. ಗಾತ್ರ ಕೈಗೆ ಹಗುರ. ಅದರಲ್ಲಿ ಬರೀ ನೀರು ಹಾಕುವುದೇ ಉತ್ತಮ. ಕಂಡಿಷನರ್ ಕಲಸಿದರೆ ಮೂತಿ ಕಟ್ಟಿಕೊಳ್ಳುತ್ತದೆ. ನೀರು ಬೆರೆತ ಮೇಲೆ ಅದರಲ್ಲಿದ್ದ ಸಂರಕ್ಷಕ ತೆಳುವಾಗಿ ಬೂಷ್ಟು ಬರಲು ದಾರಿಯಾಗುತ್ತದೆ. ಕಲಸಲೇಬೇಕೆಂದರೆ ಎರಡು ಮೂರು ದಿನಕ್ಕೆ ಆಗುವಷ್ಟು ಮಾತ್ರ ಕಲಸಿ, ಮುಗಿದ ಮೇಲೆ ಬಿಸಿನೀರು, ಸೋಪಿನಿಂದ ತೊಳೆದು ಬಾಟಲಿಯನ್ನು ಪೂರ್ತಿ ಒಣಗಿಸಬೇಕು. ಗ್ಲಿಸರಿನ್ ಹಾಕುವವರು 200 ಮಿ.ಲೀ.ಗೆ 10 ಮಿ.ಲೀ. ದಾಟಬೇಡಿ, ಜಾಸ್ತಿಯಾದರೆ ಕೂದಲು ಅಂಟಂಟಾಗಿ ಧೂಳು ಹಿಡಿಯುತ್ತದೆ.

ಹಿಡಿಕೆಗಳಲ್ಲಿ ಮೊದಲ ಹೆಸರು ಸ್ಯಾಟಿನ್ ಸ್ಕ್ರಂಚಿಯದು. ಸ್ಯಾಟಿನ್ ಎಂದರೆ ನೇಯ್ಗೆಯ ಬಗೆ. ರೇಷ್ಮೆಯಲ್ಲೂ ಇದೆ, ಪಾಲಿಯೆಸ್ಟರ್‌ನಲ್ಲೂ ಇದೆ. ಈ ಕೆಲಸಕ್ಕೆ ಪಾಲಿಯೆಸ್ಟರ್ ಸ್ಯಾಟಿನ್ ಧಾರಾಳವಾಗಿ ಸಾಕು, ಅದು ನೀರನ್ನೂ ಕುಡಿಯುವುದಿಲ್ಲ. ಹತ್ತಿ ಸ್ಕ್ರಂಚಿ ತುರುಬಿನ ತೇವವನ್ನು ತಾನೇ ಹೀರಿಕೊಂಡು ಕುತ್ತಿಗೆಯ ಬಳಿ ತಣ್ಣಗೆ ಕೂರುತ್ತದೆ. ಕೊಳ್ಳುವಾಗ ಹೊಲಿಗೆ ನೋಡಿ: ಮುಚ್ಚಿದ ಜಾಗದಲ್ಲಿ ಬಟ್ಟೆ ದಪ್ಪಗೆ ಮಡಚಿ ಒರಟಾಗಿದ್ದರೆ ಅಲ್ಲೇ ಕೂದಲು ಸಿಕ್ಕಿಕೊಳ್ಳುತ್ತದೆ. ಪೂರ್ತಿ ಎಳೆದಾಗಲೂ ಬಟ್ಟೆಯಲ್ಲಿ ನೆರಿಗೆ ಉಳಿದಿರಬೇಕು, ಇಲ್ಲದಿದ್ದರೆ ಒಳಗಿನ ಎಲಾಸ್ಟಿಕ್ಕೇ ಕೂದಲನ್ನು ಒತ್ತುತ್ತದೆ. ಎರಡು ಸುತ್ತು ಸಾಕು. ಮೂರನೆಯ ಸುತ್ತು ಬೇಕಾಗುತ್ತಿದೆ ಎಂದರೆ ಸ್ಕ್ರಂಚಿ ಸವೆದಿದೆ ಅಥವಾ ನಿಮ್ಮ ಕೂದಲಿಗೆ ದೊಡ್ಡದಾಗಿದೆ. ಎಣ್ಣೆ ರಬ್ಬರನ್ನು ಉಬ್ಬಿಸಿ ಸಡಿಲ ಮಾಡುತ್ತದೆ, ಹಾಗಾಗಿ ವಾರಕ್ಕೊಮ್ಮೆ ತೊಳೆಯಲೇಬೇಕು.

ಕಬ್ಬಿಣದ ಜೋಡಣೆ ಇರುವ ತೆಳು ಎಲಾಸ್ಟಿಕ್ ಬ್ಯಾಂಡನ್ನು ತೇವದ ಕೂದಲಿಗೆ ಹಾಕಲೇಬೇಡಿ. ಪಾರದರ್ಶಕ ಪುಟಾಣಿ ರಬ್ಬರುಗಳೂ ಬೇಡ. ಫೋನ್ ವೈರಿನಂತೆ ಸುರುಳಿಯಾಗಿರುವ ಪ್ಲಾಸ್ಟಿಕ್ ಬ್ಯಾಂಡ್ ತೆಳು, ನೇರ ಕೂದಲಿಗೆ ಪರವಾಗಿಲ್ಲ. ಹಿಗ್ಗಿ ಹಾಳಾದಂತೆ ಕಂಡರೆ ಬಿಸಿನೀರಿನಲ್ಲಿ ಅದ್ದಿದಾಗ ಬಹುಮಟ್ಟಿಗೆ ಮೊದಲಿನ ಗಾತ್ರಕ್ಕೆ ಬರುತ್ತದೆ. ಬಿಗಿ ಸುರುಳಿ ಕೂದಲು ಅದರ ಸಂದುಗಳಲ್ಲಿ ಹೊಕ್ಕು ಗಂಟಾಗುತ್ತದೆ.

ನಮ್ಮ ಮೆಚ್ಚುಗೆ ಹೇರ್ ಫೋರ್ಕ್‌ಗೆ. ಎರಡು ಕಾಲಿನ, ಒಟ್ಟು 12–14 ಸೆಂ.ಮೀ. ಉದ್ದದ, ಸ್ವಲ್ಪ ಬಾಗಿದ ಫೋರ್ಕ್ ಬೆನ್ನಿನ ಮಧ್ಯದವರೆಗಿನ ಕೂದಲನ್ನು ಇಡೀ ದಿನ ಹಿಡಿಯುತ್ತದೆ. ಅದರ ದೊಡ್ಡ ಗುಣವೆಂದರೆ ಭಾರ ಒಂದೇ ಕಡೆ ಬೀಳದೆ ಹಂಚಿಹೋಗುವುದು; ಎಲಾಸ್ಟಿಕ್ಕಿನಂತೆ ಸುತ್ತಲೂ ಬಿಗಿಯುವುದೂ ಇಲ್ಲ. ತೇವದ ಕೂದಲು ಒಣಗಿ ಚಿಕ್ಕದಾದಾಗ ಫೋರ್ಕ್ ಅದಕ್ಕೆ ತಕ್ಕಂತೆ ಅಲ್ಪಸ್ವಲ್ಪ ಸರಿಯುತ್ತದೆ. ಹಾಕುವ ರೀತಿ ಹೀಗೆ: ಕೂದಲನ್ನು ಸಡಿಲವಾಗಿ ತಿರುಚಿ ಸುತ್ತಿ, ತುದಿಯನ್ನು ತುರುಬಿನ ಅಡಿಗೆ ಸೇರಿಸಿ. ಫೋರ್ಕಿನ ಬಾಗು ಹೊರಗಿರುವಂತೆ ಹಿಡಿದು ತುರುಬಿನ ಹೊರ ಅಂಚಿನ ಒಂದಿಷ್ಟು ಕೂದಲನ್ನು ಚುಚ್ಚಿಕೊಳ್ಳಿ. ಈಗ ಫೋರ್ಕನ್ನು ಮಗುಚಿ, ಬಾಗು ತಲೆಯ ಆಕಾರಕ್ಕೆ ಕೂರುವಂತೆ, ನೆತ್ತಿಯ ಪಕ್ಕದ ಕೂದಲನ್ನು ಸವರುತ್ತಾ ಆಚೆ ಬದಿಗೆ ತಳ್ಳಿ. ಮಗುಚದೆ ನೇರ ಚುಚ್ಚಿದರೆ ಹತ್ತು ಹೆಜ್ಜೆ ಹಾಕುವುದರೊಳಗೆ ಜಾರುತ್ತದೆ. ಚುಚ್ಚಿದಾಗ ನೋವಾದರೆ ಸಹಿಸಿಕೊಳ್ಳಬೇಡಿ, ತೆಗೆದು ಮತ್ತೆ ಹಾಕಿ.

ಪ್ಲಾಸ್ಟಿಕ್ ಫೋರ್ಕುಗಳ ಹುಳುಕು ಅಚ್ಚಿನ ಗೆರೆ. ಕಾಲುಗಳ ಒಳಬದಿಯಲ್ಲಿ ಉದ್ದಕ್ಕೆ ಒಂದು ಸಣ್ಣ ಏಣು ಉಳಿದಿರುತ್ತದೆ. ಕಣ್ಣಿಗೆ ಕಾಣದು, ಉಬ್ಬಿದ ಹುರುಪೆಯ ಕೂದಲನ್ನು ಮಾತ್ರ ಕೆರೆಯುತ್ತದೆ. ತೆಳು ಸ್ಯಾಟಿನ್ ಬಟ್ಟೆಯ ತುಂಡನ್ನು ಕಾಲಿನ ಮೇಲೆ ಎಳೆದು ನೋಡಿ. ಎಳೆ ಸಿಕ್ಕಿದರೆ ಕೂದಲೂ ಸಿಗುತ್ತದೆ. 600 ನಂಬರಿನ ಉಜ್ಜುಕಾಗದ, ಆಮೇಲೆ 1000ದ್ದು, ಎರಡನ್ನೂ ನೀರು ಹಾಕಿ ಉಜ್ಜಿದರೆ ಹೋಗುತ್ತದೆ. ಅಚ್ಚಿಗೆ ಹಾಕದೆ ಗರಗಸದಿಂದ ಕೊಯ್ದು ಪಾಲಿಶ್ ಮಾಡಿದ ಅಸಿಟೇಟ್ (ಒಂದು ಬಗೆಯ ಪ್ಲಾಸ್ಟಿಕ್) ಫೋರ್ಕಿನಲ್ಲಿ ಈ ತೊಂದರೆ ಇರುವುದಿಲ್ಲ. ಮರದ್ದು ಚೆಂದ, ಆದರೆ ದಿನವೂ ತೇವ ತಗುಲಿದರೆ ಮೆರುಗು ಎದ್ದು ನಾರು ಬಿಡುತ್ತದೆ. ಕೈಗೆ ಒರಟು ಅನ್ನಿಸಿದ ದಿನವೇ ಬಳಕೆ ನಿಲ್ಲಿಸಿ. ಒಂಟಿ ಕಡ್ಡಿಯ ಮಟ್ಟಿಗೂ ಇದೇ ಮಾತು. ಜಾರು ಕೂದಲಿನಲ್ಲಿ, ಅದರಲ್ಲೂ ಕ್ರೀಮು ಹಚ್ಚಿದ ಮೇಲೆ, ಕಡ್ಡಿ ನಿಲ್ಲುವುದು ಕಷ್ಟ.

ಸ್ಪಿನ್ ಪಿನ್ ಜಾಣತನದ ವಸ್ತು. ಒಂದನ್ನು ಮೇಲಿನಿಂದ, ಇನ್ನೊಂದನ್ನು ಕೆಳಗಿನಿಂದ ಸ್ಕ್ರೂ ತಿರುಗಿಸಿದಂತೆ ಹಾಕಿದರೆ ಮಧ್ಯಮ ದಪ್ಪದ ತುರುಬು ಅಲುಗುವುದಿಲ್ಲ. ತೆಗೆಯುವಾಗ ಹಿಂದಕ್ಕೆ ತಿರುಗಿಸಿಯೇ ತೆಗೆಯಬೇಕು. ಅವಸರಕ್ಕೆ ಎಳೆದರೆ ಸುರುಳಿಯೊಳಗಿದ್ದ ಕೂದಲೆಲ್ಲ ಕಿತ್ತುಬರುತ್ತದೆ. ತುದಿಯ ಗುಂಡು ಕಳಚಿದ ಪಿನ್ನನ್ನು ಎಸೆಯಿರಿ. ಬಿಗಿ ಸುರುಳಿ ಕೂದಲಿಗೆ ಇದನ್ನು ಶಿಫಾರಸು ಮಾಡುವುದಿಲ್ಲ: ಸುರುಳಿಯೊಳಗೆ ಸುರುಳಿ ಹೊಕ್ಕರೆ ಬಿಡಿಸುವುದೇ ಒಂದು ಕೆಲಸ.

ಕ್ಲಚರ್ ಮನೆಯೊಳಗಿನ ಅರ್ಧ ಗಂಟೆಗೆ ಸರಿ. ಹಲ್ಲುಗಳು ಒಂದೆರಡು ಜಾಗದಲ್ಲೇ ಒತ್ತುತ್ತವೆ, ಒಳಗಿನ ಸ್ಪ್ರಿಂಗಿಗೆ ತೇವ ತಗುಲಿ ತುಕ್ಕು ಬರುತ್ತದೆ. ಬಣ್ಣ ಎದ್ದ ಕಬ್ಬಿಣದ ಬಾಬಿ ಪಿನ್ನುಗಳದ್ದೂ ಅದೇ ಕಥೆ. ಸಣ್ಣ ಕೂದಲು ಒತ್ತಲು ಪಿನ್ನು ಬೇಕೇ ಬೇಕೆಂದರೆ ಅಸಿಟೇಟಿನ ಯೂ ಪಿನ್ (U ಆಕಾರದ ಪಿನ್ನು) ಮೂರು ನಾಲ್ಕು ಇಟ್ಟುಕೊಳ್ಳಿ.

ಇನ್ನು ಕ್ರೀಮು. ಲೀವ್-ಇನ್ (ಹಚ್ಚಿ ತೊಳೆಯದೆ ಬಿಡುವ ಕಂಡಿಷನರ್) ಡಬ್ಬಿಯ ಹಿಂದೆ ಬೆಹೆನ್‌ಟ್ರೈಮೋನಿಯಮ್ ಅಥವಾ ಸೆಟ್ರೈಮೋನಿಯಮ್ ಎಂಬ ಹೆಸರು ಪಟ್ಟಿಯ ಮೇಲ್ಭಾಗದಲ್ಲಿದ್ದರೆ ಒಳ್ಳೆಯದು. ಅವು ಕೂದಲನ್ನು ನಯ ಮಾಡುವ, ಧನ ವಿದ್ಯುದಂಶದ ವಸ್ತುಗಳು. ಸವೆದ ಕೂದಲು ಋಣ ವಿದ್ಯುದಂಶ ಹೊತ್ತಿರುವುದರಿಂದ ಹೆಚ್ಚು ಹಾಳಾದ ತುದಿಗೇ ಹೆಚ್ಚು ಅಂಟುತ್ತವೆ. ಭುಜದವರೆಗಿನ ಕೂದಲಿಗೆ ಒಂದು ಟೀ ಚಮಚ, ಸೊಂಟದವರೆಗೆ ಎರಡು. ಹೈಡ್ರೊಲೈಸ್ಡ್ (ಸಣ್ಣ ತುಣುಕಾಗಿ ಒಡೆದ) ಪ್ರೋಟೀನ್ ಇರುವುದನ್ನು ದಿನಾ ಹಚ್ಚಿದರೆ ಕೆಲವರ ಕೂದಲು ಬಿರುಸಾಗುತ್ತದೆ. ಅಂಥವರು ಪ್ರೋಟೀನ್ ಇಲ್ಲದ್ದಕ್ಕೆ ಬದಲಿಸಬೇಕು. ಎಣ್ಣೆ ಕೊನೆಗೆ, ಅಂಗೈಯಲ್ಲಿ ಉಜ್ಜಿದ ನಾಲ್ಕೈದು ಹನಿ, ತುದಿಗೆ ಮಾತ್ರ. ಕೊಬ್ಬರಿ ಎಣ್ಣೆಯ ನಿಜವಾದ ಜಾಗ ತಲೆಸ್ನಾನದ ಮುಂಚೆ: 2003ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಕೊಬ್ಬರಿ, ಸೂರ್ಯಕಾಂತಿ, ಖನಿಜ ಎಣ್ಣೆಗಳನ್ನು ಹೋಲಿಸಿದಾಗ ಕೂದಲಿನ ಪ್ರೋಟೀನ್ ನಷ್ಟವನ್ನು ಗಮನಾರ್ಹವಾಗಿ ತಗ್ಗಿಸಿದ್ದು ಕೊಬ್ಬರಿ ಎಣ್ಣೆಯೊಂದೇ. ಅದು ಎಳೆಯ ಒಳಕ್ಕಿಳಿದು ನೀರಿನ ಉಬ್ಬರವನ್ನು ಕಡಿಮೆ ಮಾಡುತ್ತದೆ.

ತಪ್ಪುವುದು ಎಲ್ಲೆಲ್ಲಿ? ಸಂಜೆ ಬಿಚ್ಚಿದಾಗ ಮುಗ್ಗಲು ವಾಸನೆ ಬಂದರೆ ತುರುಬಿನ ನಡುಭಾಗ ಒಣಗಿಯೇ ಇಲ್ಲ ಎಂದರ್ಥ. ಮಾರನೇ ದಿನ ನೀರು ಅರ್ಧ ಮಾಡಿ, ತುರುಬನ್ನು ಚಪ್ಪಟೆಯಾಗಿ, ಅಗಲಕ್ಕೆ ಸುತ್ತಿ. ಉಂಡೆಯಾಗಿ ಬಿಗಿದಷ್ಟೂ ಒಳಗೆ ಗಾಳಿ ಹೋಗದು. 6–8 ಗಂಟೆಗಿಂತ ಹೆಚ್ಚು ಕಟ್ಟಿಡಬೇಡಿ, ದಿನಕ್ಕೊಮ್ಮೆ ಪೂರ್ತಿ ಒಣಗಲು ಬಿಡಿ, ರಾತ್ರಿ ತೇವದಲ್ಲೇ ಮಲಗಬೇಡಿ. ನೆತ್ತಿ ತೇವವಾಗಿಯೇ ಇದ್ದರೆ ಮಲಸ್ಸೇಜಿಯಾ ಎಂಬ ಯೀಸ್ಟ್‌ಗೆ ಅನುಕೂಲ. ತಲೆಹೊಟ್ಟಿನ ತೊಂದರೆ ಇದ್ದವರಲ್ಲಿ ತುರಿಕೆ ಹೆಚ್ಚುತ್ತದೆ.

ಒದ್ದೆ ಎಳೆಯೊಂದನ್ನು ಮೆಲ್ಲಗೆ ಎಳೆದಾಗ ಹಿಗ್ಗಿ ಹಿಂದಕ್ಕೆ ಬರದೆ ಮೆತ್ತಗೆ ತುಂಡಾದರೆ ಉಬ್ಬುವುದು, ಕುಗ್ಗುವುದು ಅತಿಯಾಗಿದೆ. ಬ್ಲೀಚ್ ಮಾಡಿದ ಕೂದಲಿನಲ್ಲಿ ಇದು ಬೇಗ ಕಾಣುತ್ತದೆ, ಏಕೆಂದರೆ ನೀರನ್ನು ತಡೆಯುವ ಮೇಲ್ಪದರದ ಕೊಬ್ಬು ಬ್ಲೀಚಿಗೆ ಕಿತ್ತುಹೋಗಿರುತ್ತದೆ. ಹೀಗಾದರೆ ಒಂದೆರಡು ವಾರ ಒಣ ತುರುಬೇ ಕಟ್ಟಿ.

ತುರುಬಿನ ಜಾಗವನ್ನೂ ಬದಲಿಸುತ್ತಿರಬೇಕು: ಒಂದು ದಿನ ಕುತ್ತಿಗೆಯ ಹತ್ತಿರ, ಇನ್ನೊಂದು ದಿನ ಮೇಲಕ್ಕೆ, ಬೈತಲೆಯನ್ನೂ ಆಚೀಚೆ ಮಾಡಿ. ಹಣೆಯಂಚಿನಲ್ಲಿ ಸಣ್ಣ ಗುಳ್ಳೆ, ನೋವು, ತೆಳುವಾಗುತ್ತಿರುವ ಕೂದಲು ಕಂಡರೆ ಬಿಗಿಯುವುದನ್ನು ಅಂದೇ ನಿಲ್ಲಿಸಿ. ಎಳೆತದಿಂದ ಉದುರಿದ ಕೂದಲು ಆರಂಭದಲ್ಲಿ ಮರಳಿ ಬರುತ್ತದೆ, ವರ್ಷಗಟ್ಟಲೆ ಮುಂದುವರಿದರೆ ಬರುವುದಿಲ್ಲ. ತೆಳುವಾಗುವುದು ನಿಲ್ಲದಿದ್ದರೆ ಚರ್ಮದ ವೈದ್ಯರಿಗೆ ತೋರಿಸಿ.

ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಬಾಚಣಿಗೆಯಲ್ಲಿ ಸಿಕ್ಕ ಕೂದಲನ್ನೇ ನೋಡಿ. ಒಂದು ತುದಿಯಲ್ಲಿ ಬಿಳಿ ಗುಂಡು ಇರುವ ಪೂರ್ಣ ಉದ್ದದ ಎಳೆ ತಾನಾಗಿ ಉದುರಿದ್ದು. ಗುಂಡಿಲ್ಲದ ಗಿಡ್ಡ ತುಂಡು ಮುರಿದದ್ದು. ತುಂಡುಗಳು ಕಡಿಮೆಯಾಗುತ್ತಾ ಬಂದರೆ ದಾರಿ ಸರಿಯಿದೆ. ಜೊತೆಗೆ ಕಿವಿಯ ಹಿಂದಿನ ಒಂದೇ ಜೊಂಪೆಯನ್ನು ಒಣಗಿದಾಗ ನೀಳವಾಗಿ ಹಿಡಿದು ಮೂರು ತಿಂಗಳಿಗೊಮ್ಮೆ ಅಳೆಯಿರಿ. 3 ಸೆಂ.ಮೀ. ಆಸುಪಾಸು ಹೆಚ್ಚಿದ್ದರೆ ಬೆಳೆದದ್ದೆಲ್ಲ ಬಹುತೇಕ ಉಳಿದಿದೆ.

ಒಂದೇ ವಸ್ತು ಕೊಳ್ಳುವುದಾದರೆ, ಕೂದಲು ಭುಜ ದಾಟಿದ್ದರೆ ಅಸಿಟೇಟ್ ಫೋರ್ಕ್, ಅದಕ್ಕಿಂತ ಗಿಡ್ಡವಿದ್ದರೆ ಅಥವಾ ಬಿಗಿ ಸುರುಳಿಯಿದ್ದರೆ ದೊಡ್ಡ ಸ್ಯಾಟಿನ್ ಸ್ಕ್ರಂಚಿ. ಉಳಿದ ದುಡ್ಡಿಗೆ ಮಿಸ್ಟ್ ಬಾಟಲಿ. ಮನೆಯಲ್ಲಿರುವ ಮಾಮೂಲಿ ಕಂಡಿಷನರಿನಲ್ಲೇ ಹಗುರವಾದದ್ದನ್ನು ಅರ್ಧ ಚಮಚ ತುದಿಗೆ ಹಚ್ಚಿ ಒಂದು ವಾರ ನೋಡಿ. ನೆತ್ತಿಗೆ ತಾಗದಂತೆ ನೋಡಿಕೊಂಡರೆ ಹೊಸ ಲೀವ್-ಇನ್ ಡಬ್ಬಿಯ ಅಗತ್ಯವೇ ಬೀಳದಿರಬಹುದು.